ಹೈಸ್ಕೂಲಿನಿಂದಲೇ ಮೆಡಿಕಲ್ ಸೀಟು: ಅಮೆರಿಕದ ಬಿಎಸ್/ಎಂಡಿಗೆ ಅರ್ಜಿ ಹಾಕುವ ಕನ್ನಡದ ಮನೆಗಳಿಗೆ

"ಮಗಳ ಎಸ್‌ಎಟಿ 1540, ಜಿಪಿಎ 3.97, ಎಪಿ ಹನ್ನೊಂದು ಮಾಡಿದ್ದಾಳೆ. ಬಿಎಸ್/ಎಂಡಿ ಸಿಗೋ ಚಾನ್ಸ್ ಎಷ್ಟಿದೆ ಹೇಳಿ?" ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಯುಗಾದಿ ಊಟದ ಸಾಲಿನಲ್ಲಿ ಒಬ್ಬರಾದರೂ ಹೀಗೆ ಕೇಳುತ್ತಾರೆ. ಕೇಳುವವರಲ್ಲಿ ಬಹಳ ಮಂದಿ ಕರ್ನಾಟಕದಲ್ಲಿ ಸಿಇಟಿ ಬರೆದು ಬಂದವರು. ಅಲ್ಲಿ ರ‍್ಯಾಂಕ್ ಹೇಳಿದರೆ ಸಾಕು, ಹೋದ ವರ್ಷದ ಕಟ್-ಆಫ್ ನೋಡಿ ಯಾವ ಕಾಲೇಜು ಸಿಗುತ್ತದೆ ಎಂದು ಪಕ್ಕದ ಮನೆಯವರೂ ಹೇಳಿಬಿಡುತ್ತಿದ್ದರು. ಆ ಅಭ್ಯಾಸದಲ್ಲೇ ಇಲ್ಲೂ ಅಂಕ ಒಪ್ಪಿಸಿ ಉತ್ತರಕ್ಕೆ ಕಾಯುತ್ತೇವೆ. ಆದರೆ ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ, ಜಿಪಿಎ ಎಂಬ ಶಾಲೆಯ ಅಂಕಗಳ ಸರಾಸರಿ, ಎಪಿ ಎಂಬ ಕಾಲೇಜು ಮಟ್ಟದ ತರಗತಿಗಳ ಎಣಿಕೆ, ಆ ಮೂರು ಅಂಕಿಗಳಿಂದ ಹೇಳಬಹುದಾದದ್ದು ಬಹಳ ಕಡಿಮೆ. ಮಗು ಯಾವ ರಾಜ್ಯದ ನಿವಾಸಿ, ಯಾವ ವೀಸಾದಲ್ಲಿದೆ, ರೋಗಿಗಳನ್ನು ಹತ್ತಿರದಿಂದ ನೋಡಿದೆಯೇ, ಯಾವ ಕಾಲೇಜಿಗೆ ಏನು ಬರೆದಿದೆ ಎಂಬುದು ತಿಳಿಯದೆ ಚಾನ್ಸ್ ಹೇಳುವವರು ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಎಂದೇ ತಿಳಿಯಿರಿ.

ಹೊಸಬರಿಗಾಗಿ ಎರಡು ಮಾತು. ಬಿಎಸ್/ಎಂಡಿ ಎಂದರೆ ಪದವಿಗೂ ಮೆಡಿಕಲ್ ಕಾಲೇಜಿಗೂ ಹನ್ನೆರಡನೇ ತರಗತಿಯಲ್ಲೇ ಒಟ್ಟಿಗೆ ಅರ್ಜಿ ಹಾಕಿ, ಸಿಕ್ಕರೆ ಎರಡೂ ಕಡೆ ಜಾಗ ಕಾದಿರಿಸಿಕೊಳ್ಳುವ ವ್ಯವಸ್ಥೆ. ಇಲ್ಲಿ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನಂತೆ ಡಾಕ್ಟರಿಕೆಯ ಮೊದಲ ಪದವಿ. ಕೆಲವು ಕಡೆ ಬಿಎಸ್ ಬದಲು ಬಿಎ ಇರುತ್ತದೆ, ವ್ಯತ್ಯಾಸವೇನಿಲ್ಲ. ಹೆಚ್ಚಿನವು ಎಂಟು ವರ್ಷದವು, ಕೆಲವು ಏಳು ವರ್ಷದವು. ಕನ್ಸಾಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1971ರಿಂದ ಆರು ವರ್ಷದ್ದೇ ನಡೆಯುತ್ತಿದೆ. ಮಾಮೂಲಿ ದಾರಿಯಲ್ಲಾದರೆ ನಾಲ್ಕು ವರ್ಷ ಪದವಿ ಓದಿ, ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಬೇಕು. 2023ರಲ್ಲಿ ಆ ದಾರಿಯಲ್ಲಿ ಎಂಡಿ ಕಾಲೇಜುಗಳಿಗೆ ಅರ್ಜಿ ಹಾಕಿದವರು ಸುಮಾರು 52,500 ಮಂದಿ, ಸೇರಿದವರು ಸುಮಾರು 23,000. ಅಂದರೆ ನೂರಕ್ಕೆ ನಲವತ್ತನಾಲ್ಕರಷ್ಟು. ಬಿಎಸ್/ಎಂಡಿಯಲ್ಲಿ ಒಂದೊಂದು ಕಡೆ ಹತ್ತಿಪ್ಪತ್ತು ಸೀಟಿಗೆ ಸಾವಿರಗಟ್ಟಲೆ ಅರ್ಜಿ ಬೀಳುತ್ತವೆ. ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ ಎಂಬ ಬಿಎಸ್/ಎಂಡಿ ದೊಡ್ಡವುಗಳಲ್ಲಿ ಒಂದು, ಅಲ್ಲಿಯೂ ನೂರರಲ್ಲಿ ಎರಡು-ಮೂರು ಮಕ್ಕಳನ್ನಷ್ಟೇ ಆರಿಸುತ್ತಾರೆ. ಈ ಎರಡು ಲೆಕ್ಕಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಪದವಿಯ ನಾಲ್ಕು ವರ್ಷದಲ್ಲಿ ಎಷ್ಟೋ ಮಕ್ಕಳು ತಾವಾಗಿಯೇ ಪ್ರೀ-ಮೆಡ್, ಅಂದರೆ ಮೆಡಿಕಲ್‌ಗೆ ತಯಾರಾಗುವ ಓದು, ಬಿಟ್ಟಿರುತ್ತಾರೆ, ಅವರು ಮೊದಲ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೂ ಇದರಿಂದ ಒಂದು ಮಾತು ಸ್ಪಷ್ಟ: ಬಿಎಸ್/ಎಂಡಿಯನ್ನು ಮುಖ್ಯ ಯೋಜನೆ ಮಾಡಿಕೊಳ್ಳುವ ಮನೆ ತಪ್ಪು ಲೆಕ್ಕ ಹಾಕುತ್ತಿದೆ. ಮಾಮೂಲಿ ದಾರಿಯನ್ನೇ ಯೋಜನೆ ಎಂದುಕೊಂಡು ಇದನ್ನು ಮೇಲಿಂದ ಬಂದರೆ ಬರಲಿ ಎಂದು ನೋಡಿದರೆ ಮುಂದಿನ ಹೆಜ್ಜೆಗಳೆಲ್ಲ ಸಲೀಸಾಗುತ್ತವೆ.

ಮೊದಲು ವೀಸಾ, ಮನೆ ವಿಳಾಸ

ಅಂಕಪಟ್ಟಿ ತೆರೆಯುವ ಮೊದಲು ಈ ಎರಡನ್ನು ನೋಡಿ. ನಿಮಗೆ ಮುಚ್ಚಿರುವ ಬಾಗಿಲುಗಳನ್ನು ಮೊದಲ ದಿನವೇ ಪಟ್ಟಿಯಿಂದ ಹೊಡೆದುಹಾಕಿದರೆ ಹತ್ತಾರು ಪ್ರಬಂಧ ಬರೆಯುವ ಶ್ರಮ ಉಳಿಯುತ್ತದೆ.

ಬಿಎಸ್/ಎಂಡಿ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ನಮ್ಮವರ ಮನೆಗಳಲ್ಲಿ ನೋವಿನ ವಿಷಯ ಇದೇ. ಮೂರನೇ ವಯಸ್ಸಿಗೆ ಬಂದು ಇಲ್ಲೇ ಶಾಲೆಗೆ ಹೋದ ಮಗ, ಅಪ್ಪನ ಕೆಲಸದ ವೀಸಾ ಎಚ್-1ಬಿ ಮೇಲೆ ಇನ್ನೂ ಅವಲಂಬಿತರ ವೀಸಾ ಎಚ್-4ರಲ್ಲೇ ಇರುತ್ತಾನೆ. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂದು ಹೇಳಬೇಕಾಗಿಲ್ಲ. ಇಪ್ಪತ್ತೊಂದು ತುಂಬಿದ ದಿನ ಅವನು ಎಚ್-4ರಿಂದ ಹೊರಬಿದ್ದು ವಿದ್ಯಾರ್ಥಿಗಳ ಎಫ್-1ನಂಥ ಬೇರೆ ವೀಸಾ ಹುಡುಕಬೇಕು. ಎಂಟು ವರ್ಷದ ಓದಿನ ನಡುವೆಯೇ ಈ ದಿನ ಬರುತ್ತದೆ. ಆದ್ದರಿಂದ ಎಚ್-4 ಮಕ್ಕಳು ಪ್ರತಿಯೊಂದು ಕಾರ್ಯಕ್ರಮಕ್ಕೂ ಇಮೇಲ್ ಬರೆದು, "ನನ್ನ ಸ್ಥಿತಿ ಹೀಗಿದೆ, ಅರ್ಜಿ ಹಾಕಬಹುದೇ? ಓದಿನ ಮಧ್ಯೆ ವೀಸಾ ಬದಲಾದರೆ ಮೆಡಿಕಲ್ ಸೀಟು ಉಳಿಯುತ್ತದೆಯೇ?" ಎಂದು ಲಿಖಿತ ಉತ್ತರ ತರಿಸಿಕೊಳ್ಳಲಿ. ಫೋನಿನಲ್ಲಿ ಯಾರೋ ಹೂಂ ಅಂದರು ಎಂಬುದನ್ನು ನಂಬಿ ಕೂರಬೇಡಿ. ಬ್ರೌನ್‌ನ ಪಿಎಲ್‌ಎಂಇ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಅಂಥವು ಕಡಿಮೆ. ವಿದೇಶಿಯರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳಲ್ಲಿ ಕೆಲವು ಇಡೀ ನಾಲ್ಕು ವರ್ಷದ ಖರ್ಚಿಗೆ ಹಣ ಇದೆ ಎಂದು ಮೊದಲೇ ತೋರಿಸಬೇಕು ಎನ್ನುತ್ತವೆ.

ಇನ್ನು ರಾಜ್ಯ. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಶಾಖೆಯ ಜಿಪಿಪಿಎ ಮೆಡಿಸಿನ್ ದಾರಿ ಇಲಿನಾಯ್ ನಿವಾಸಿಗಳಿಗೆ. ನ್ಯೂ ಮೆಕ್ಸಿಕೊದ ಬಿಎ/ಎಂಡಿ ವರ್ಷಕ್ಕೆ 28 ಮಕ್ಕಳನ್ನು ತೆಗೆದುಕೊಳ್ಳುತ್ತದೆ, ಆ ರಾಜ್ಯದ ಹಳ್ಳಿಗಾಡಿಗೆ ವೈದ್ಯರನ್ನು ತಯಾರು ಮಾಡುವುದೇ ಅದರ ಉದ್ದೇಶ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಕ್ಯೂನಿ ಸ್ಕೂಲ್ ಆಫ್ ಮೆಡಿಸಿನ್‌ನ ಏಳು ವರ್ಷದ ಕೋರ್ಸು ವೈದ್ಯರು ಸಾಲದ ಬಡಾವಣೆಗಳಿಗೆ ಪ್ರಾಥಮಿಕ ಚಿಕಿತ್ಸೆ ಕೊಡುವವರನ್ನು ಬಯಸುತ್ತದೆ, ಆ ರಾಜ್ಯದ ಮಕ್ಕಳಿಗೇ ಅದು ಮೀಸಲು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕೂತು ಇವುಗಳ ಚಾನ್ಸ್ ಕೇಳುವುದರಲ್ಲಿ ಅರ್ಥವಿಲ್ಲ. ಅದೇ ನ್ಯೂಜೆರ್ಸಿಯಲ್ಲಿದ್ದರೆ ಟಿಸಿಎನ್‌ಜೆ ಮತ್ತು ಎನ್‌ಜೆಐಟಿಗಳ ಮೂಲಕ ನೆವಾರ್ಕ್‌ನ ನ್ಯೂಜೆರ್ಸಿ ಮೆಡಿಕಲ್ ಸ್ಕೂಲಿಗೆ ಪದವಿಗೆ ಮೂರು, ಮೆಡಿಕಲ್‌ಗೆ ನಾಲ್ಕು, ಒಟ್ಟು ಏಳು ವರ್ಷದ ದಾರಿ ಮನೆಬಾಗಿಲಲ್ಲೇ ಇದೆ. ನಿಮ್ಮ ರಾಜ್ಯದ ಸರ್ಕಾರಿ ಮೆಡಿಕಲ್ ಕಾಲೇಜಿನಿಂದ ಹುಡುಕಾಟ ಶುರು ಮಾಡಿ. ಫೀಸೂ ಕಡಿಮೆ, ಒಲವೂ ನಿಮ್ಮ ಕಡೆಗೆ.

ಬಿಎಸ್/ಎಂಡಿಗಳ ಹಳೆಯ ಪಟ್ಟಿಗಳನ್ನು ನಂಬಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾರ್ತ್‌ವೆಸ್ಟರ್ನ್‌ನ ಎಚ್‌ಪಿಎಂಇ 1961ರಿಂದ ನಡೆದು ಹೆಸರು ಮಾಡಿದ್ದು, ಈಗ ಇಲ್ಲ. ಹಾಗಿದ್ದೂ ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಎಕ್ಸೆಲ್ ಹಾಳೆಗಳಲ್ಲಿ ಅದು ಇನ್ನೂ ಮೊದಲ ಸಾಲಿನಲ್ಲಿ ಕೂತಿರುತ್ತದೆ. ಎಸ್‌ಎಟಿ ಸಬ್ಜೆಕ್ಟ್ ಪರೀಕ್ಷೆಗಳು 2021ರಲ್ಲೇ ನಿಂತವು, ಅವುಗಳಿಗೆ ತಯಾರಾಗಿ ಎನ್ನುವ ಸಲಹೆ ಎಲ್ಲಾದರೂ ಕಂಡರೆ ಆ ಪುಟ ಮುಚ್ಚಿ. ಆಯಾ ವಿಶ್ವವಿದ್ಯಾಲಯದ ಈ ವರ್ಷದ ಪುಟ ಮಾತ್ರ ಪ್ರಮಾಣ.

"ಗ್ಯಾರಂಟಿ" ಎಂಬ ಮಾತಿನ ಷರತ್ತುಗಳು

ಸೀಟು ಸಿಕ್ಕಿತು ಎಂದರೆ ಷರತ್ತಿನ ಮೇಲೆ ಸಿಕ್ಕಿತು ಎಂದರ್ಥ. ಪಟ್ಟಿ ಮಾಡುವಾಗ ಪ್ರತಿ ಕಾರ್ಯಕ್ರಮದ ಮುಂದೆ ನಾಲ್ಕು ವಿಷಯ ಬರೆದುಕೊಳ್ಳಿ.

ಒಂದು, ಎಂಕ್ಯಾಟ್ ಬೇಕೇ? ಬ್ರೌನ್, ರೋಚೆಸ್ಟರ್‌ನ ಆರ್‌ಇಎಂಎಸ್, ಕೇಸ್ ವೆಸ್ಟರ್ನ್‌ನ ಪಿಪಿಎಸ್‌ಪಿ, ಇವು ತಮ್ಮ ಮಕ್ಕಳಿಂದ ಎಂಕ್ಯಾಟ್ ಕೇಳುವುದಿಲ್ಲ. ಬೇರೆ ಕೆಲವು ಕಡೆ ಇಂತಿಷ್ಟು ಬರಲೇಬೇಕು. ಎಂಕ್ಯಾಟ್ 472ರಿಂದ 528ರವರೆಗೆ, ಮೆಡಿಕಲ್ ಕಾಲೇಜು ಸೇರುವವರ ಸರಾಸರಿ 511-512. ಕನಿಷ್ಠ ಅಂಕ ಅದರ ಹತ್ತಿರವೇ ಇಟ್ಟಿರುವ ಕಾರ್ಯಕ್ರಮದಲ್ಲಿ ನಿಮಗೆ ಸಿಗುವ ನೆಮ್ಮದಿ ಅಷ್ಟಕ್ಕಷ್ಟೇ. ಮಾಮೂಲಿ ದಾರಿಯ ಮಕ್ಕಳಷ್ಟೇ ಓದಬೇಕು, ಜೊತೆಗೆ ಅವರಂತೆ ಹತ್ತು ಕಡೆ ಅರ್ಜಿ ಹಾಕುವ ಸ್ವಾತಂತ್ರ್ಯವೂ ಇರುವುದಿಲ್ಲ.

ಎರಡು, ಕಾಲೇಜಿನಲ್ಲಿ ಉಳಿಸಿಕೊಳ್ಳಬೇಕಾದ ಜಿಪಿಎ ಎಷ್ಟು, ವಿಜ್ಞಾನದ ವಿಷಯಗಳಿಗೆ ಬೇರೆ ಲೆಕ್ಕ ಇದೆಯೇ, ಒಂದು ಸೆಮಿಸ್ಟರ್ ಜಾರಿದರೆ ಸರಿಪಡಿಸಿಕೊಳ್ಳಲು ಸಮಯ ಕೊಡುತ್ತಾರೆಯೇ? ಮೂರು, ಹೊರಗೆ ಬೇರೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದರೆ ಕಾದಿರಿಸಿದ ಸೀಟು ಹೋಗುತ್ತದೆಯೇ? ಹಲವು ಕಡೆ ಹೋಗುತ್ತದೆ. ನಾಲ್ಕು, ಯಾವ ವಿಷಯದಲ್ಲಿ ಪದವಿ ಮಾಡಬಹುದು? ಪಿಎಲ್‌ಎಂಇಯಲ್ಲಿ ಸಂಗೀತವನ್ನಾದರೂ ಓದಬಹುದು. ಏಳು ವರ್ಷದ ಕೋರ್ಸುಗಳಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸಬೇಕಾದ್ದರಿಂದ ಉಸಿರಾಡಲೂ ಬಿಡುವಿರುವುದಿಲ್ಲ.

ನನಗೆ ಕೇಳಿದರೆ ಒಂದು ವರ್ಷ ಉಳಿಸುವುದು ದೊಡ್ಡ ಲಾಭವೇನಲ್ಲ. ಎಂಡಿ ಆದಮೇಲಿನ ಆಸ್ಪತ್ರೆ ತರಬೇತಿಯಾದ ರೆಸಿಡೆನ್ಸಿ ಮುಗಿಯುವ ಹೊತ್ತಿಗೆ ಹೇಗೂ ಮೂವತ್ತರ ಆಸುಪಾಸು. ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಎಂಕ್ಯಾಟ್ ಭಯವಿಲ್ಲದೆ ಇಷ್ಟಪಟ್ಟದ್ದನ್ನು ಓದುವ ಅವಕಾಶ, ಅದು ಬೆಲೆಯುಳ್ಳದ್ದು.

ಅಂಕದ ಮಾತು

ಇದನ್ನು ಬೇಗ ಮುಗಿಸೋಣ. ಗಂಭೀರವಾಗಿ ಸ್ಪರ್ಧಿಸುವ ಮಕ್ಕಳ ಎಸ್‌ಎಟಿ ಸಾಮಾನ್ಯವಾಗಿ 1500 ದಾಟಿರುತ್ತದೆ, ವೇಟೆಡ್ ಅಲ್ಲದ, ಅಂದರೆ ಕಠಿಣ ತರಗತಿಗೆ ಹೆಚ್ಚುವರಿ ಅಂಕ ಸೇರಿಸದ ಜಿಪಿಎ 3.9ರ ಮೇಲಿರುತ್ತದೆ, ಜೀವಶಾಸ್ತ್ರ, ರಸಾಯನಶಾಸ್ತ್ರ, ಕ್ಯಾಲ್ಕುಲಸ್‌ಗಳಲ್ಲಿ ಶಾಲೆಯಲ್ಲಿರುವ ಅತಿ ಕಠಿಣ ತರಗತಿ ತೆಗೆದುಕೊಂಡಿರುತ್ತಾರೆ. ವಿಶ್ವವಿದ್ಯಾಲಯ ಟೆಸ್ಟ್-ಆಪ್ಷನಲ್ (ಪರೀಕ್ಷೆಯ ಅಂಕ ಕಡ್ಡಾಯವಲ್ಲ) ಎಂದಿದ್ದರೂ ಅದರೊಳಗಿನ ಬಿಎಸ್/ಎಂಡಿ ಅಂಕ ಕೇಳಬಹುದು, ನೋಡಿಕೊಳ್ಳಿ. 1540 ಇದ್ದದ್ದನ್ನು 1570 ಮಾಡಲು ಇನ್ನೊಂದು ಬೇಸಿಗೆ ಕಳೆಯುವುದು ದಂಡ. ಆ ಬೇಸಿಗೆಯನ್ನು ಆಸ್ಪತ್ರೆಯಲ್ಲಿ ಕಳೆಯಲಿ.

ರೋಗಿಗಳ ಹತ್ತಿರ ಹೋಗಿದ್ದಾಳೆಯೇ?

ಆಯ್ಕೆ ಮಾಡುವವರ ಕಡೆಯಿಂದ ನೋಡಿ. ಹದಿನೇಳು ವರ್ಷದ ಹುಡುಗಿಗೆ ಎಂಟು ವರ್ಷ ಆಚೆಯ ಎಂಡಿ ಪದವಿಯ ಮಾತು ಕೊಡುತ್ತಿದ್ದಾರೆ. ಅವರಿಗಿರುವ ಅನುಮಾನ ಒಂದೇ: ಇದು ಇವಳ ಆಸೆಯೋ, ಅಪ್ಪ-ಅಮ್ಮನದೋ? ಅರ್ಜಿಯ ಪ್ರತಿ ಸಾಲೂ ಈ ಅನುಮಾನಕ್ಕೆ ಉತ್ತರ ಕೊಡಬೇಕು. ನಮ್ಮ ಮನೆಗಳ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅನಿಸಿಕೆ. ಅಂಕಗಳಲ್ಲಿ ಯಾರೂ ಕಡಿಮೆಯಿಲ್ಲ. ಆದರೆ ಭರತನಾಟ್ಯ ರಂಗಪ್ರವೇಶ, ಪಿಟೀಲು, ರೊಬೊಟಿಕ್ಸ್, ಡಿಬೇಟ್, ಒಂದಿಷ್ಟು ಆಸ್ಪತ್ರೆ ವಾಲಂಟಿಯರ್ ಗಂಟೆ, ಹನ್ನೊಂದನೇ ತರಗತಿಯಲ್ಲಿ ದಿಢೀರನೆ ಹುಟ್ಟಿಕೊಂಡ ಒಂದು ನಾನ್-ಪ್ರಾಫಿಟ್, ಈ ಸೆಟ್ ನಮ್ಮವರ ಎಷ್ಟು ಅರ್ಜಿಗಳಲ್ಲಿ ಇರುತ್ತದೆ ಎಂದರೆ ಹೆಸರು ಮುಚ್ಚಿದರೆ ಯಾರದ್ದು ಯಾವುದೆಂದು ಹೇಳಲಾಗದು. ನಾಟ್ಯ ಬಿಡಿ ಎನ್ನುತ್ತಿಲ್ಲ. ಮಗುವಿಗೆ ಇಷ್ಟವಾದದ್ದನ್ನು ಇಟ್ಟುಕೊಂಡು ಅರ್ಜಿಗಾಗಿ ಮಾಡುತ್ತಿರುವುದನ್ನು ಬಿಡಿ. ಆ ನಾನ್-ಪ್ರಾಫಿಟ್ ಅಂತೂ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು? ಒಂಬತ್ತು-ಹತ್ತನೇ ತರಗತಿಯಿಂದಲೇ, ವಾರಕ್ಕೆ ಕೆಲವೇ ಗಂಟೆಯಾದರೂ ಸರಿ, ಒಂದೇ ಜಾಗಕ್ಕೆ ವರ್ಷಗಟ್ಟಲೆ ಹೋಗಲಿ. ಮೂರು ಬಗೆಯ ಕೆಲಸಗಳಿವೆ. ಡಾಕ್ಟರ ಹಿಂದೆ ನಿಂತು ನೋಡುವ ಶ್ಯಾಡೋಯಿಂಗ್ ಸುಲಭ, ಬೆಲೆ ಕಡಿಮೆ. ಹದಿನೆಂಟು ತುಂಬದವರನ್ನು ಅನೇಕ ಆಸ್ಪತ್ರೆಗಳು ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಪರಿಚಯದ ಡಾಕ್ಟರ ಕ್ಲಿನಿಕ್ಕೇ ಗತಿ. ಆದರೆ ಸೋದರಮಾವನ ಕ್ಲಿನಿಕ್ಕಿನಲ್ಲಿ ಮಾತ್ರ ನೋಡಿದ್ದರೆ ಅದನ್ನೇ ಮುಂದೆ ಮಾಡಬೇಡಿ. ಎರಡನೆಯದು ರೋಗಿಗಳೊಡನೆ ಮಾತಾಡುವ ವಾಲಂಟಿಯರ್ ಕೆಲಸ: ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವುದು, ವೃದ್ಧಾಶ್ರಮದಲ್ಲಿ ಊಟ ಮಾಡಿಸುವುದು, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿ ಪಕ್ಕದಲ್ಲಿ ಕೂರುವುದು. ಮೂರನೆಯದು ಜವಾಬ್ದಾರಿ ಇರುವ ಕೆಲಸ. ವಯಸ್ಸಿನ ನಿಯಮ ರಾಜ್ಯಕ್ಕೊಂದು, ಆದರೆ ತರಬೇತಿ ಪಡೆದು ಇಎಂಟಿ (ತುರ್ತು ಚಿಕಿತ್ಸೆಯ ಸಹಾಯಕ) ಆಗಿ ಆಂಬ್ಯುಲೆನ್ಸ್ ದಳದಲ್ಲಿ ಓಡಾಡುವ, ಇಲ್ಲವೇ ನರ್ಸಿಂಗ್ ಸಹಾಯಕಿಯಾಗಿ ಕೆಲಸ ಮಾಡುವ ಮಕ್ಕಳಿದ್ದಾರೆ. ರಾತ್ರಿ ಪಾಳಿಯಲ್ಲಿ ಮುದುಕರೊಬ್ಬರ ಹಾಸಿಗೆ ಬದಲಿಸಿ ಬಂದ ಮಗುವಿಗೆ "ವೈದ್ಯಕೀಯ ಯಾಕೆ?" ಎಂದು ಕೇಳಿದಾಗ ಉತ್ತರ ಹುಡುಕಬೇಕಾಗಿ ಬರುವುದಿಲ್ಲ.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನೆಂಟರ ಆಸ್ಪತ್ರೆಯಲ್ಲಿ ಎರಡು ವಾರ ಇರುವುದು ನಮ್ಮಲ್ಲಿ ರೂಢಿ. ಹೋಗಲಿ, ನೋಡಲಿ. ಜನರಲ್ ವಾರ್ಡಿನ ಹೊರಗೆ ಊರಿಂದ ಬುತ್ತಿ ಕಟ್ಟಿಕೊಂಡು ಬಂದು ಕೂತ ಸಂಬಂಧಿಕರನ್ನು ನೋಡಿದರೆ, ಇಲ್ಲಿ ಕಾಣದ ಎಷ್ಟೋ ವಿಷಯ ಅರ್ಥವಾಗುತ್ತದೆ. ಒಂದೇ ಎಚ್ಚರ. "ಅಲ್ಲಿ ನಂಗೆ ಹೊಲಿಗೆ ಹಾಕೋಕೆ ಬಿಟ್ರು, ಇಂಜೆಕ್ಷನ್ ಕೊಟ್ಟೆ" ಎಂದು ಹೆಮ್ಮೆಯಿಂದ ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ಹೊರದೇಶಗಳಲ್ಲಿ ವಿದ್ಯಾರ್ಥಿಗಳು ತರಬೇತಿಯಿಲ್ಲದೆ ರೋಗಿಗಳ ಮೇಲೆ ಕೈಯಿಡಬಾರದು ಎಂದು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಇಲ್ಲಿ ಮಾಡುವಂತಿಲ್ಲದ್ದನ್ನು ಅಲ್ಲಿ ಮಾಡಿದೆ ಎನ್ನುವುದು ಬಡ ರೋಗಿಯ ಮೇಲೆ ಕಲಿತೆ ಎಂದು ಒಪ್ಪಿಕೊಂಡ ಹಾಗೆ.

ಇನ್ನೊಂದು ನಮ್ಮದೇ ವಿಷಯ. ಊರಿಂದ ಬಂದ ಅಜ್ಜಿಗೆ ಆಸ್ಪತ್ರೆಯಲ್ಲಿ ಮೊಮ್ಮಗಳು ಕನ್ನಡ-ಇಂಗ್ಲಿಷ್ ದುಭಾಷಿಯಾಗುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ, ಪ್ರಬಂಧಕ್ಕೂ ಇಳಿಯುತ್ತದೆ. ತುರ್ತು ಹೊತ್ತಿನಲ್ಲಿ ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದೆಂಬುದು ಇಲ್ಲಿಯ ಆರೋಗ್ಯ ನಿಯಮ. ಅದು ಗೊತ್ತಿದ್ದು, ಅಜ್ಜಿ ಮೊಮ್ಮಗಳ ಮುಂದೆ ಹೇಳಲು ನಾಚಿ ಬಚ್ಚಿಟ್ಟ ನೋವು ಯಾವುದು, ವೃತ್ತಿಪರ ದುಭಾಷಿ ಫೋನಿನಲ್ಲಿ ಬಂದಾಗ ಏನು ಬದಲಾಯಿತು ಎಂದು ಬರೆಯಬಲ್ಲ ಮಗುವಿನ ಪ್ರಬಂಧ ಓದಿಸಿಕೊಳ್ಳುತ್ತದೆ. ಮನೆಯ ಹೊರಗಿನ ರೋಗಿಗಳ ಬಗ್ಗೆ ಬರೆಯುವಾಗ ಮಾತ್ರ ಹೆಸರು, ಊರು, ಗುರುತು ಹಿಡಿಯುವಂಥ ಯಾವುದೂ ಬರಕೂಡದು.

ಸಂಶೋಧನೆ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸಂಶೋಧನೆಗೆ ಒತ್ತು ಕೊಡುವ ಕಾರ್ಯಕ್ರಮಗಳಿಗೆ ಬೇಕು, ಉಳಿದವಕ್ಕೆ ಇದ್ದರೆ ಒಳ್ಳೆಯದು. ದುಡ್ಡು ಕೊಟ್ಟು ಪೇಪರ್ ಪ್ರಕಟಿಸುವ ಬೇಸಿಗೆ ಶಿಬಿರಗಳಿಗೆ ಸಾವಿರಾರು ಡಾಲರ್ ಸುರಿಯಬೇಡಿ.

ಪಟ್ಟಿ ಕಟ್ಟುವ ಲೆಕ್ಕ

"ಹದಿನೈದು ಕಡೆ ಹಾಕಿದರೆ ಒಂದಾದರೂ ಸಿಗದೇ?" ಒಂದೊಂದರಲ್ಲಿ ನೂರಕ್ಕೆ ಮೂರು ಅವಕಾಶ ಎಂದಿಟ್ಟುಕೊಳ್ಳಿ. ಹದಿನೈದನ್ನು ಮೂರರಿಂದ ಗುಣಿಸಿ ನಲವತ್ತೈದು ಎನ್ನುವವರಿದ್ದಾರೆ. ಲೆಕ್ಕ ಹಾಗೆ ಬರುವುದಿಲ್ಲ. ಎಲ್ಲಿಯೂ ಸಿಗದಿರುವ ಸಂಭವ 0.97ರ ಹದಿನೈದನೇ ಘಾತ, ಅಂದರೆ 0.63. ಸಿಗುವ ಸಂಭವ ಮೂವತ್ತೇಳರಷ್ಟು. ಅದೂ ಪ್ರತಿ ನಿರ್ಧಾರ ಸ್ವತಂತ್ರವಾಗಿದ್ದರೆ. ವಾಸ್ತವದಲ್ಲಿ ಹದಿನೈದು ಕಡೆಯೂ ಹೋಗುವುದು ಅದೇ ಅಂಕ, ಅದೇ ಶಿಕ್ಷಕರ ಪತ್ರ, ಅದೇ ಚಟುವಟಿಕೆ ಪಟ್ಟಿ. ಒಂದು ಕಡೆ ಸಪ್ಪೆ ಎನಿಸಿದ್ದು ಇನ್ನೊಂದು ಕಡೆಯೂ ಸಪ್ಪೆಯೇ. ಆದ್ದರಿಂದಲೇ ಒಬ್ಬಳಿಗೆ ನಾಲ್ಕು ಕಡೆ ಸಿಕ್ಕಿ, ಅದೇ ಶಾಲೆಯ ಇನ್ನೊಬ್ಬಳಿಗೆ ಎಲ್ಲೂ ಸಿಗದೆ ಹೋಗುತ್ತದೆ. ಹದಿನೈದನೇ ಕಾಲೇಜನ್ನು ಸೇರಿಸುವುದಕ್ಕಿಂತ ಮೊದಲ ಎಂಟರ ಪ್ರಬಂಧ ತಿದ್ದುವುದೇ ಮೇಲು.

ನಾನು ಹೇಳುವ ಪಟ್ಟಿ ಹೀಗೆ: ನಿಮಗೆ ನಿಜವಾಗಿ ತೆರೆದಿರುವ ಬಿಎಸ್/ಎಂಡಿಗಳಲ್ಲಿ ಆರರಿಂದ ಹತ್ತು, ಜೊತೆಗೆ ಅಷ್ಟೇ ಸಂಖ್ಯೆಯ ಮಾಮೂಲಿ ಕಾಲೇಜುಗಳು, ಅವುಗಳಲ್ಲಿ ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಕಡ್ಡಾಯವಾಗಿ ಇರಲಿ. ಬಿಎಸ್/ಎಂಡಿ ಇರುವ ಕಾಲೇಜನ್ನು ಆರಿಸುವಾಗ ಮಗಳನ್ನು ಕೇಳಿ: "ಎರಡನೇ ವರ್ಷದಲ್ಲಿ ಡಾಕ್ಟರಿಕೆ ಬೇಡ ಅನಿಸಿದರೂ ಇಲ್ಲೇ ಓದ್ತೀಯಾ?" ಇಲ್ಲ ಎಂದರೆ ಅದು ಪಟ್ಟಿಯಲ್ಲಿ ಬೇಡ.

ಅರ್ಲಿ ಡಿಸಿಷನ್, ಅಂದರೆ ಸಿಕ್ಕರೆ ಸೇರಲೇಬೇಕು ಎಂಬ ಕಟ್ಟುಪಾಡಿನ ಮುಂಚಿನ ಅರ್ಜಿ, ಹಾಕುವವರಿಗೆ ಒಂದು ಎಚ್ಚರಿಕೆ. ಬ್ರೌನ್‌ಗೆ ಅರ್ಲಿ ಡಿಸಿಷನ್‌ನಲ್ಲಿ ಪಿಎಲ್‌ಎಂಇ ಕೇಳಿ, ಕಾಲೇಜು ಸಿಕ್ಕು ಪಿಎಲ್‌ಎಂಇ ಸಿಗದಿದ್ದರೂ ಬ್ರೌನ್‌ಗೇ ಹೋಗಬೇಕು. ಆ ಕಟ್ಟುಪಾಡಿಗೆ ಒಪ್ಪಿ ಸಹಿ ಹಾಕುವಾಗ ಮನೆಯ ಎಲ್ಲರಿಗೂ ಇದು ಗೊತ್ತಿರಲಿ.

ಪ್ರಬಂಧಗಳು

ಒಂದೊಂದು ಕಾರ್ಯಕ್ರಮಕ್ಕೂ ಬೇರೆಯದೇ ಪ್ರಬಂಧ ಬೇಕು ಎಂಬುದಕ್ಕೆ ಆಲ್ಬನಿ ಮೆಡಿಕಲ್ ಕಾಲೇಜಿನ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಒಂದೇ ಮೆಡಿಕಲ್ ಕಾಲೇಜು, ಒಳಗೆ ಹೋಗಲು ಮೂರು ಕಾಲೇಜುಗಳ ದಾರಿ. ಆರ್‌ಪಿಐ ಮೂಲಕ ಹೋಗುವುದು ಸಂಶೋಧನೆ ಮಾಡುವ ವೈದ್ಯರಿಗೆ. ಯೂನಿಯನ್ ಕಾಲೇಜಿನದು ನಾಯಕತ್ವದ ಹೆಸರಿನದು, ಆರೋಗ್ಯ ಆಡಳಿತದಲ್ಲಿ ಸ್ನಾತಕೋತ್ತರ ಪದವಿಯೂ ಅದರಲ್ಲಿ ಸೇರಿದೆ. ಸಿಯೆನಾದು ಮಾನವಿಕ ವಿಷಯಗಳಿಗೂ ಸೇವೆಗೂ ಒತ್ತು ಕೊಡುವಂಥದ್ದು. ಒಂದೇ ಪ್ರಬಂಧವನ್ನು ಕಾಲೇಜಿನ ಹೆಸರಷ್ಟೇ ಬದಲಿಸಿ ಮೂರಕ್ಕೂ ಕಳಿಸುವ ಮಕ್ಕಳಿದ್ದಾರೆ. ಲ್ಯಾಬಿನಲ್ಲಿ ಎರಡು ವರ್ಷ ಕಳೆದ ಹುಡುಗನಿಗೆ ಆರ್‌ಪಿಐ ಹೊಂದುತ್ತದೆ, ಸಿಯೆನಾಗೆ ಅವನಲ್ಲಿ ಹೇಳುವುದಕ್ಕೆ ಏನೂ ಇರುವುದಿಲ್ಲ. ಇಂಥ ಕಡೆ ಅರ್ಜಿಯನ್ನೇ ಹಾಕದಿರುವುದು ಜಾಣತನ.

"ವೈದ್ಯಕೀಯ ಯಾಕೆ" ಎಂಬುದಕ್ಕೆ ಜೊತೆಯಾಗಿ "ಈಗಲೇ ಯಾಕೆ" ಎಂಬ ಪ್ರಶ್ನೆಯೂ ಇರುತ್ತದೆ. ಮಾಮೂಲಿ ದಾರಿ ಇರುವಾಗ ಹದಿನೇಳಕ್ಕೇ ಕಟ್ಟಿಕೊಳ್ಳುವುದೇಕೆ? ಎಂಕ್ಯಾಟ್ ತಪ್ಪಿಸಲು ಎಂಬುದೇ ಬಹಳ ಮಕ್ಕಳ ಮನಸ್ಸಿನ ಉತ್ತರ, ಅದನ್ನು ಬರೆಯುವ ಹಾಗಿಲ್ಲ. ಉಳಿಯುವ ಸಮಯದಲ್ಲಿ ಏನು ಮಾಡುತ್ತೀಯ ಎಂಬುದಕ್ಕೆ ಗಟ್ಟಿ ಉತ್ತರ ಬೇಕು: ಇಂಥ ವಿಷಯ ಓದುತ್ತೇನೆ, ಇಂಥ ಕೆಲಸ ಮುಂದುವರಿಸುತ್ತೇನೆ ಎಂದು. ಆಗಸ್ಟ್ 1ಕ್ಕೆ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ತೆರೆಯುವ ಹೊತ್ತಿಗೆ ಈ ಎರಡು ಪ್ರಬಂಧಗಳ ಕರಡು ಕೈಯಲ್ಲಿರಲಿ. ಹಲವು ಕಾರ್ಯಕ್ರಮಗಳ ಗಡುವು ನವೆಂಬರ್ 1, ಕೆಲವು ಅದಕ್ಕೂ ಮುಂಚೆ. ಶಿಕ್ಷಕರ ಪತ್ರಗಳನ್ನು ಹನ್ನೊಂದನೇ ತರಗತಿ ಮುಗಿಯುವ ಮುನ್ನವೇ ಕೇಳಿಕೊಂಡಿರಬೇಕು. ದೀಪಾವಳಿ ಈ ಗಡುವಿನ ಆಸುಪಾಸಿನಲ್ಲೇ ಬರುತ್ತದೆ, ಆ ವರ್ಷ ಕೂಟದ ನಾಟಕದಲ್ಲಿ ಮಗಳಿಗೆ ಪಾತ್ರ ಬೇಡ.

ಅಪ್ಪ-ಅಮ್ಮ ಪ್ರಬಂಧ ಓದಬಹುದು, ತಿದ್ದಬಾರದು. ನಲವತ್ತೈದು ವರ್ಷದವರ ಇಂಗ್ಲಿಷ್ ಹದಿನೇಳು ವರ್ಷದವರ ಬಾಯಲ್ಲಿ ಕೂರುವುದಿಲ್ಲ, ಓದುವವರಿಗೆ ಮೂರನೇ ಸಾಲಿಗೇ ಗೊತ್ತಾಗುತ್ತದೆ.

ಸಂದರ್ಶನ

ಜನವರಿಯಿಂದ ಮಾರ್ಚ್ ನಡುವೆ ಕರೆ ಬರುತ್ತದೆ. ಇಲ್ಲಿವರೆಗೆ ಬಂದರೆ ಅಂಕದ ಚಿಂತೆ ಮುಗಿಯಿತು. ಎಲ್ಲರೂ ಸಂದರ್ಶನ ಮಾಡುವುದಿಲ್ಲ, ಪಿಎಲ್‌ಎಂಇಗೆ ಸಂದರ್ಶನವೇ ಇಲ್ಲ. ಮಾಡುವವರಲ್ಲಿ ಕೆಲವರು ಮಾಮೂಲಿ ಮಾತುಕತೆ ನಡೆಸುತ್ತಾರೆ, ಕೆಲವರು ಎಂಎಂಐ ಎಂಬ ಪದ್ಧತಿ ಇಟ್ಟುಕೊಂಡಿದ್ದಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಅದು. ಬಾಗಿಲ ಹೊರಗೆ ಒಂದು ಸನ್ನಿವೇಶ ಓದಲು ಒಂದೆರಡು ನಿಮಿಷ, ಒಳಗೆ ಹೋಗಿ ಮಾತಾಡಲು ಕೆಲವೇ ನಿಮಿಷ, ಗಂಟೆ ಬಾರಿಸಿದ ಕೂಡಲೇ ಮುಂದಿನ ಕೋಣೆ. ಗೆಳೆಯ ಪರೀಕ್ಷೆಯಲ್ಲಿ ನಕಲು ಮಾಡಿದ್ದನ್ನು ನೋಡಿದೆ, ಏನು ಮಾಡುತ್ತೀಯ? ರೋಗಿ ಚಿಕಿತ್ಸೆ ಬೇಡ ಎನ್ನುತ್ತಾನೆ, ಮಕ್ಕಳು ಬೇಕೆನ್ನುತ್ತಾರೆ, ಯಾರ ಮಾತು ನಡೆಯಬೇಕು? ಸರಿ ಉತ್ತರ ಒಂದೇ ಇರುವುದಿಲ್ಲ. ಎರಡೂ ಕಡೆಯವರ ಮನಸ್ಸು ಅರ್ಥ ಮಾಡಿಕೊಂಡು ತೀರ್ಮಾನ ಹೇಳುತ್ತಾಳೆಯೇ ಎಂದು ನೋಡುತ್ತಾರೆ.

ಅಭ್ಯಾಸಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಮನೆಗೆ ಬರುವ ಗೆಳೆಯರಲ್ಲಿ ಡಾಕ್ಟರೊಬ್ಬರಿರುತ್ತಾರೆ, ನರ್ಸ್ ಒಬ್ಬರಿರುತ್ತಾರೆ, ಅವರೆದುರು ಕೂರಿಸಿ. ಕೋಣೆಯಲ್ಲಿ ನೀವಿರಬೇಡಿ. "ನರ್ಸ್ ಆಗಬಾರದೇಕೆ?" "ನಮ್ಮಲ್ಲಿ ಸಿಗದಿದ್ದರೆ ಏನು ಮಾಡ್ತೀಯಾ?" ಎಂಬೆರಡು ಪ್ರಶ್ನೆ ತಪ್ಪದೆ ಕೇಳಿಸಿ. ಮೊದಲನೆಯದಕ್ಕೆ ನರ್ಸಿಂಗ್ ಅನ್ನು ಕೀಳು ಮಾಡಿ ಮಾತಾಡಿದರೆ ಕೆಟ್ಟಿತು. ಎರಡನೆಯದಕ್ಕೆ "ಮಾಮೂಲಿ ದಾರಿಯಲ್ಲಿ ಹೋಗಿ ಡಾಕ್ಟರ್ ಆಗ್ತೀನಿ" ಎಂಬ ಶಾಂತ ಉತ್ತರಕ್ಕಿಂತ ಒಳ್ಳೆಯದು ಇಲ್ಲ, ಮತ್ತು ಅದು ನಿಜವೂ ಆಗಿರಬೇಕು.

ದುಡ್ಡಿನ ಲೆಕ್ಕ ಅರ್ಜಿಗೆ ಮುಂಚೆ

ನಾಲ್ಕು ವರ್ಷದ ಎಂಡಿಗೆ ಜೀವನ ಖರ್ಚು ಸೇರಿ ಖಾಸಗಿ ಕಾಲೇಜಿನಲ್ಲಿ ನಾಲ್ಕು ಲಕ್ಷ ಡಾಲರ್ ಹತ್ತಿರ ಬರುತ್ತದೆ, ಸರ್ಕಾರಿ ಕಾಲೇಜಿನಲ್ಲಿ ಲಕ್ಷ ಡಾಲರ್‌ನಷ್ಟು ಕಡಿಮೆ. ಇದು ಪದವಿಯ ಖರ್ಚಿನ ಮೇಲೆ. ಮೊದಲು ವಿದ್ಯಾರ್ಥಿಗಳು ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ತೆಗೆದು ಪೂರ್ತಿ ಖರ್ಚು ತುಂಬಿಸಿಕೊಳ್ಳುತ್ತಿದ್ದರು. 2025ರ ಜುಲೈನಲ್ಲಿ ಆದ ಕಾನೂನಿನಂತೆ 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ಮೆಡಿಕಲ್‌ನಂಥ ವೃತ್ತಿಪರ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್‌ಗೆ ನಿಂತಿದೆ. ಉಳಿದದ್ದು ಖಾಸಗಿ ಸಾಲ, ಇಲ್ಲವೇ ಮನೆಯಿಂದ. ಎಚ್-4ರವರಿಗೆ ಫೆಡರಲ್ ಸಾಲವೇ ಇಲ್ಲ. ಪದವಿಯ ವರ್ಷಗಳಲ್ಲೇ 529 ಎಂಬ ಓದಿನ ಉಳಿತಾಯ ಖಾತೆಯ ಹಣ ಮುಗಿಸಿಬಿಡುವ ಬದಲು ಅದರಲ್ಲಿ ಪಾಲು ಮೆಡಿಕಲ್‌ಗೆ ಉಳಿಸಿಕೊಳ್ಳಬಹುದು, ಆ ಖಾತೆಯ ಹಣ ಅದಕ್ಕೂ ಸಲ್ಲುತ್ತದೆ.

ಈ ಕಾರಣಕ್ಕೇ ಪೂರ್ತಿ ಸ್ಕಾಲರ್‌ಶಿಪ್ ಕೊಡುವ ಸರ್ಕಾರಿ ವಿಶ್ವವಿದ್ಯಾಲಯವೊಂದು ದುಬಾರಿ ಬಿಎಸ್/ಎಂಡಿಗಿಂತ ಒಳ್ಳೆಯ ಆಯ್ಕೆಯಾಗಬಹುದು. ಹೀಗೆಂದರೆ ಅಜ್ಜ-ಅಜ್ಜಿಗೆ ಬೇಜಾರಾಗುತ್ತದೆ, "ಕೈಗೆ ಬಂದ ಮೆಡಿಕಲ್ ಸೀಟು ಬಿಡ್ತೀರಾ?" ಎನ್ನುತ್ತಾರೆ. ಅವರಿಗೆ ನಿಧಾನವಾಗಿ ವಿವರಿಸಿ.

ಸಿಗದಿದ್ದವರಿಗೆ

ಪದವಿಯ ಎರಡನೇ ವರ್ಷದಲ್ಲಿ ಮತ್ತೊಂದು ಬಾಗಿಲಿದೆ: ಅರ್ಲಿ ಅಶ್ಯೂರೆನ್ಸ್. ಜಾರ್ಜ್‌ಟೌನ್, ಟಫ್ಟ್ಸ್, ಬಫಲೊ ಮುಂತಾದ ಮೆಡಿಕಲ್ ಕಾಲೇಜುಗಳು ತಮ್ಮ ಅಥವಾ ತಾವು ಗೊತ್ತುಪಡಿಸಿದ ಕಾಲೇಜುಗಳ ಮಕ್ಕಳಿಗೆ ಆಗಲೇ ಸೀಟು ಕೊಡುತ್ತವೆ. ಯಾವ ಪದವಿ ಕಾಲೇಜಿನಿಂದ ಯಾವುದಕ್ಕೆ ಹಾಕಬಹುದು ಎಂದು ಈಗಲೇ ನೋಡಿಟ್ಟುಕೊಂಡರೆ ಮಾಮೂಲಿ ಕಾಲೇಜುಗಳ ಪಟ್ಟಿ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಕರ್ನಾಟಕಕ್ಕೆ ಕಳಿಸುವ ಯೋಚನೆಯೂ ಬಹಳ ಮನೆಗಳಲ್ಲಿ ಬರುತ್ತದೆ. ನೀಟ್ ಬರೆಯಲೇಬೇಕು, ಹನ್ನೊಂದು-ಹನ್ನೆರಡರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಒಸಿಐ (ಸಾಗರೋತ್ತರ ಭಾರತೀಯ ಕಾರ್ಡ್) ಇರುವ ಮಕ್ಕಳಿಗೆ 2021ರ ಮಾರ್ಚ್ 4ರ ಅಧಿಸೂಚನೆಯಂತೆ ಎನ್ಆರ್‌ಐ ಸೀಟುಗಳು ಮಾತ್ರ. ಆ ದಿನಕ್ಕಿಂತ ಮುಂಚೆ ಒಸಿಐ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಅಮೆರಿಕಕ್ಕೆ ಬರಬೇಕಾದರೆ ಯುಎಸ್ಎಂಎಲ್ಇ ಎಂಬ ವೈದ್ಯ ಪರವಾನಗಿ ಪರೀಕ್ಷೆಗಳು, ರೆಸಿಡೆನ್ಸಿಯ ಪೈಪೋಟಿ ಎರಡೂ ಇವೆ. ಅಲ್ಲಿ ಬದುಕುವ ಮನಸ್ಸಿರುವ ಮಗುವಿಗೆ ಇದು ಒಳ್ಳೆಯ ದಾರಿ. ಬರೀ ಬೇಗ ಡಾಕ್ಟರ್ ಆಗಿ ವಾಪಸ್ ಬರಲು ಎಂದಾದರೆ ಇಲ್ಲಿಯ ಮಾಮೂಲಿ ದಾರಿಯೇ ಸುಲಭ.

ಸಿಕ್ಕವರು ಮೇ 1ಕ್ಕೆ ಮುಂಚೆ, ಡಿಪಾಸಿಟ್ ಕಟ್ಟುವ ಮೊದಲು, ಕಾರ್ಯಕ್ರಮದ ಕಚೇರಿಗೆ ಇಷ್ಟನ್ನು ಕೇಳಿ ಬರೆಸಿಕೊಳ್ಳಿ: ಕಳೆದ ಐದು ವರ್ಷದಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ನಿಜವಾಗಿ ನಿಮ್ಮ ಮೆಡಿಕಲ್ ಕಾಲೇಜಿಗೆ ಬಂದರು? ಬಾರದವರು ಬಿಟ್ಟದ್ದು ಯಾಕೆ? ನನ್ನ ಬ್ಯಾಚಿನ ಷರತ್ತುಗಳನ್ನು ಮಧ್ಯೆ ಬದಲಿಸುತ್ತೀರಾ? ಕಾಯಿಲೆ ಬಂದು ಒಂದು ವರ್ಷ ನಿಲ್ಲಿಸಬೇಕಾದರೆ ಸೀಟು ಇರುತ್ತದೆಯೇ? ಜೊತೆಗೆ, ಈಗ ಅಲ್ಲಿ ಎರಡನೇ ಅಥವಾ ಮೂರನೇ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿಯೊಡನೆ ಮಾತಾಡಿಸಿ ಎಂದು ಕೇಳಿ. ಆ ಫೋನ್ ಮಾಡಬೇಕಾದದ್ದು ಮಗಳು, ನೀವಲ್ಲ. ಉತ್ತರ ಕೊಡಲು ಹಿಂಜರಿಯುವ ಕಚೇರಿಗೆ ಡಿಪಾಸಿಟ್ ಕಟ್ಟುವ ಮೊದಲು ಇನ್ನೊಂದು ಸಲ ಪಟ್ಟಿ ತೆಗೆದು ನೋಡಿ.